ಊರಿಗೆ ಎಷ್ಟು ಜನ ಅಪ್ಪಂದಿರು? ಗಾ ಕರಾವಳಿಯ ಮುಖಂಡರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಘಾನಾದ ರಾಜಧಾನಿ ಆಕ್ರಾಕ್ಕೆ ಕೆಲಸಕ್ಕೋ ವ್ಯಾಪಾರಕ್ಕೋ ಹೋಗಿ ನೆಲೆಸಿದವರಿಗೆ ಒಂದು ವಿಷಯ ಬೇಗ ಕಣ್ಣಿಗೆ ಬೀಳುತ್ತದೆ. ದೇಶಕ್ಕೆ ಅಧ್ಯಕ್ಷರಿದ್ದಾರೆ, ಸಂಸತ್ತಿದೆ, ನಗರಕ್ಕೆ ಮೇಯರ್ ಇದ್ದಾರೆ. ಆದರೂ ಮೇ ತಿಂಗಳಲ್ಲಿ ಬಿಳಿ ಬಟ್ಟೆ ತೊಟ್ಟ ಪೂಜಾರಿಗಳು ಒಂದು ದಿನ ಗೊತ್ತುಮಾಡಿದರೆ ಸಾಕು, ಊರಿಗೆ ಊರೇ ಒಂದು ತಿಂಗಳು ಡೋಲು ಕೆಳಗಿಡುತ್ತದೆ. ಮಂಗಳವಾರ ದೋಣಿಗಳು ದಡ ಬಿಟ್ಟು ಕದಲುವುದಿಲ್ಲ. ಖಾಲಿ ಸೈಟುಗಳ ಗೋಡೆಯ ಮೇಲೆ ‘ಈ ಜಾಗ ಮಾರಾಟಕ್ಕಿಲ್ಲ’ ಎಂದು ಕೆಂಪು ಬಣ್ಣದಲ್ಲಿ ಬರೆದಿರುತ್ತದೆ. ಈ ಮೂರಕ್ಕೂ ಬೇರು ಒಂದೇ ಕಡೆ ಇದೆ: ಗಾ ಜನರ ಊರಾಡಳಿತದಲ್ಲಿ. ಅದರ ಬಗ್ಗೆ ಸಾಮಾನ್ಯವಾಗಿ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಗಾ ಜನ ಯಾರು? ಎಲ್ಲಿದ್ದಾರೆ?

ಇಂದಿನ ಆಕ್ರಾ ಮಹಾನಗರ ನಿಂತಿರುವ ನೆಲದ ಮೂಲ ಒಡೆಯರು. ಅಟ್ಲಾಂಟಿಕ್ ದಡದ ಉದ್ದಕ್ಕೂ ಪಶ್ಚಿಮದಿಂದ ಪೂರ್ವಕ್ಕೆ ಸಾಗಿದರೆ ಅವರ ಆರು ಮುಖ್ಯ ಊರುಗಳು ಸಿಗುತ್ತವೆ: ಗಾ ಮಾಷಿ, ಓಸು, ಲಾ, ಟೇಶಿ, ನುಂಗುವಾ, ಟೆಮಾ. ಗಾ ಮಾಷಿ ಎಂದರೆ ಹಳೆಯ ಆಕ್ರಾ, ಅಂದರೆ ಜೇಮ್ಸ್‌ಟೌನ್ ಮತ್ತು ಅಶರ್‌ಟೌನ್ ಇರುವ ಭಾಗ. ಲಾ ಊರನ್ನು ನಕಾಶೆಗಳು ಲಬಾಡಿ ಎಂದೂ ಕರೆಯುತ್ತವೆ. ಮಾತು ಗಾ ಭಾಷೆ. ಪೂರ್ವಕ್ಕಿರುವ ಡಾಂಗ್ಮೆ ಅದರ ತಂಗಿ ಭಾಷೆ. ಮೀನುಗಾರಿಕೆ, ಉಪ್ಪು, ವ್ಯಾಪಾರ, ಹಿಂದಿನ ಬಯಲಿನಲ್ಲಿ ಬೇಸಾಯ ಇವರ ಹಳೆಯ ಬದುಕು. ಇಂದು ತಮ್ಮದೇ ಊರಿನಲ್ಲಿ ಇವರು ಅಲ್ಪಸಂಖ್ಯಾತರು. ಮುಂದೆ ಬರುವ ಬಹುತೇಕ ಜಗಳಗಳಿಗೆ ಈ ಒಂದು ಮಾತು ಹಿನ್ನೆಲೆ.

‘ಮಾಂತ್ಸೆ’ ಎಂದರೆ ರಾಜ ತಾನೇ?

ಪತ್ರಿಕೆಗಳು ಹಾಗೆ ಬರೆಯುತ್ತವೆ, ಆದರೆ ಪದ ಹಾಗೆ ಹೇಳುವುದಿಲ್ಲ. ಗಾ ಭಾಷೆಯಲ್ಲಿ ‘ಮಾಂಗ್’ ಎಂದರೆ ಊರು, ‘ತ್ಸೆ’ ಎಂದರೆ ಅಪ್ಪ. ಮಾಂತ್ಸೆ ಊರಪ್ಪ. ಸ್ವಾರಸ್ಯ ಇರುವುದು ಅಪ್ಪ ಒಬ್ಬನೇ ಅಲ್ಲ ಎನ್ನುವುದರಲ್ಲಿ. ದಂಡಿನ ನಾಯಕ ಆಸಾಫೊಆತ್ಸೆ, ಅವನು ದಂಡಿಗೆ ಅಪ್ಪ. ಮೀನುಗಾರರ ಮುಖ್ಯಸ್ಥ ವೊಲೆಯಾತ್ಸೆ, ಅವನು ಬೆಸ್ತರಿಗೆ ಅಪ್ಪ. ಮಾಂತ್ಸೆಯ ಮನೆವಾರ್ತೆ ನೋಡುವವನು ಜಾಸೆತ್ಸೆ. ಊರು ಒಂದು ದೊಡ್ಡ ಮನೆ, ಅದರಲ್ಲಿ ಒಂದೊಂದು ಕೆಲಸಕ್ಕೆ ಒಬ್ಬೊಬ್ಬ ಹಿರಿಯ. ಸಿಂಹಾಸನದ ಮೇಲೆ ಕೂತು ಎಲ್ಲರಿಗೂ ಅಪ್ಪಣೆ ಕೊಡಿಸುವ ದೊರೆಯ ಚಿತ್ರ ತಲೆಯಲ್ಲಿಟ್ಟುಕೊಂಡು ಹೋದರೆ ಗಾ ಊರಿನಲ್ಲಿ ನಡೆಯುವುದು ಒಂದೂ ಅರ್ಥವಾಗುವುದಿಲ್ಲ.

ಇನ್ನೊಂದು ಮಾತು. ಮಾಂತ್ಸೆಯ ಪೀಠ, ಅಂದರೆ ಮರದಲ್ಲಿ ಕೆತ್ತಿದ ಮಣೆಯಂಥ ಆಸನ, ಮೊದಲಿಗೆ ಕೂರುವ ಆಸನವೇ ಆಗಿರಲಿಲ್ಲ. ಅದು ಯುದ್ಧದ ರಕ್ಷೆ, ಮಂತ್ರಿಸಿದ ವಸ್ತು. 1930ರ ದಶಕದಲ್ಲಿ ಈ ಊರುಗಳಲ್ಲಿದ್ದು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞರಿಗೆ ಹಿರಿಯರು ಹೇಳಿದ್ದು ಇದನ್ನೇ: ಮಾಂತ್ಸೆ ಹುಟ್ಟಿದ್ದು ಯುದ್ಧಕ್ಕಾಗಿ, ಊರು ಆಳುವುದಕ್ಕಲ್ಲ. ಪೀಠ, ದಂಡು, ವಕ್ತಾರ, ಇವೆಲ್ಲ ನೆರೆಯ ಅಕಾನ್ ಜನರಿಂದ, ಮುಖ್ಯವಾಗಿ ಅಕ್ವಾಮು ರಾಜ್ಯದಿಂದ ಬಂದ ಏರ್ಪಾಡುಗಳು. 1677ರಲ್ಲಿ ಅದೇ ಅಕ್ವಾಮು ಗಾ ದೊರೆ ಒಕಾಯ್‌ಕೊಯಿಯನ್ನು ಸೋಲಿಸಿ, ಒಳನಾಡಿನ ಅಯಾವಾಸೊದಲ್ಲಿದ್ದ ರಾಜಧಾನಿಯನ್ನು ನೆಲಸಮ ಮಾಡಿತು. ಉಳಿದವರು ಕಡಲ ದಡದ ಕೋಟೆಗಳ ನೆರಳಿಗೆ ಬಂದರು. ಸೋಲಿಸಿದವರ ಯುದ್ಧವಿದ್ಯೆಯನ್ನೇ ಕಲಿತುಕೊಂಡರು.

ಹಾಗಾದರೆ ಮೊದಲು ಊರು ನಡೆಸುತ್ತಿದ್ದವರು ಯಾರು?

ವುಲೊಮೊ. ಎಂದರೆ ದೇವರ ಪೂಜಾರಿ. ಕಡಲಿಗೆ, ಕೆರೆಯಂಥ ಹಿನ್ನೀರುಗಳಿಗೆ, ಹೊಳೆಗೆ, ಬೆಟ್ಟಕ್ಕೆ ಒಂದೊಂದು ದೈವವಿದೆ. ಒಂದೊಂದು ದೈವಕ್ಕೆ ಒಂದು ಮನೆತನ, ಆ ಮನೆತನಕ್ಕೆ ಒಬ್ಬ ವುಲೊಮೊ. ಗಾ ಮಾಷಿಯಲ್ಲಿ ಮೂವರು ದೊಡ್ಡವರು: ಕಡಲ ದೈವ ನಾಯಿಯ ವುಲೊಮೊ, ಯುದ್ಧದ ದೈವ ಸಾಕುಮೊವಿನ ವುಲೊಮೊ, ಕೋರ್ಲೆ ಹಿನ್ನೀರಿನ ವುಲೊಮೊ. ನುಂಗುವಾದ ಗ್ಬೊಬು ವುಲೊಮೊಗೆ ಪೂರ್ವದ ಊರುಗಳಲ್ಲಿ ದೊಡ್ಡ ಮರ್ಯಾದೆ.

ವುಲೊಮೊ ಬಿಳಿ ಬಟ್ಟೆಯಲ್ಲೇ ಇರುತ್ತಾನೆ. ಹೆಣ ನೋಡುವಂತಿಲ್ಲ. ಅವನ ಅಧಿಕಾರ ಬಲದ್ದಲ್ಲ, ಮಡಿಯದು. ಯಾವ ದಿನ ಬಿತ್ತಬೇಕು, ಯಾವ ದಿನ ಕಡಲಿಗೆ ಬಲೆ ಬಿಡಬೇಕು, ಎಂದು ಹಬ್ಬ ಎನ್ನುವ ಪಂಚಾಂಗ ಅವನ ಕೈಯಲ್ಲಿ. ನೆಲ ದೈವದ್ದು, ಹಾಗಾಗಿ ಹೊಸಬರಿಗೆ ಜಾಗ ತೋರಿಸುವ ಹಕ್ಕೂ ಬಹಳ ಕಡೆ ಪೂಜಾರಿ ಮನೆತನದ್ದಾಗಿತ್ತು. ಕೋರ್ಲೆ ಮನೆತನ ಇವತ್ತಿಗೂ ಕೋರ್ಲೆ ಸುತ್ತಲಿನ ಭೂಮಿಯ ಮೇಲೆ ಹಕ್ಕು ಹೇಳುತ್ತದೆ.

ಅವನ ಜೊತೆಗೆ ವೊಯೊ ಎನ್ನುವವಳಿದ್ದಾಳೆ. ಮೈಮೇಲೆ ದೈವ ಬಂದು ನುಡಿಯುವ ಹೆಂಗಸು. ವುಲೊಮೊ ದೈವಕ್ಕೆ ಮಾತಾಡುತ್ತಾನೆ, ದೈವ ವೊಯೊ ಬಾಯಲ್ಲಿ ಮಾತಾಡುತ್ತದೆ. ಇಬ್ಬರೂ ಬೇಕು.

ಮಾಂತ್ಸೆ, ವುಲೊಮೊ ಬಿಟ್ಟರೆ ಮತ್ತೆ ಯಾರ್ಯಾರು?

ಊರಿಂದೂರಿಗೆ ಬದಲಾಗುತ್ತದೆ, ಪಟ್ಟಿ ಬಾಯಿಪಾಠ ಮಾಡುವ ಅಗತ್ಯವಿಲ್ಲ. ಹೆಸರು ಕೇಳಿದಾಗ ಗೊತ್ತಾದರೆ ಸಾಕು. ಮಾಂತ್ಸೆ ದಂಡಿನೊಂದಿಗೆ ಹೊರಟಾಗ ಊರು ಕಾಯುವವನು ಮಾಂಕ್ರಾಲೊ. ಶಿಪ್ಪಿ ಮತ್ತು ಆಸಾಫೊಆತ್ಸೆಗಳು ದಂಡಿನ ಹಿರಿಯರು. ಆಸಾಫೊ ಎನ್ನುವ ಈ ದಂಡಿಗೆ ಈಗ ಯುದ್ಧವಿಲ್ಲ. ಹಬ್ಬದ ಮೆರವಣಿಗೆ, ಕಡಲಲ್ಲಿ ಕಳೆದುಹೋದವರ ಹುಡುಕಾಟ, ಊರ ದುಡಿಮೆ, ಜೊತೆಗೆ ಮುಖಂಡನಿಗೆ ಎದುರು ನಿಲ್ಲುವುದು ಇದರ ಕೆಲಸ. ಕೊನೆಯದು ಮರೆಯಬಾರದ್ದು. ಅಕ್ವಾಶಾಂಗ್ ದಂಡಿನ ಹಿರಿಯರ ಕೂಟ, ಹಿಂದೆ ಅದು ನ್ಯಾಯಸ್ಥಾನವೂ ಆಗಿತ್ತು. ಒತ್ಸಿಯಾಮೆ ವಕ್ತಾರ: ಮಾಂತ್ಸೆಯ ಮಾತು ಜನಕ್ಕೆ, ಜನರ ಮಾತು ಮಾಂತ್ಸೆಗೆ ಇವನ ಮೂಲಕವೇ ಹೋಗಬೇಕು.

ಹೆಸರಿಗೆ ಮೊದಲು ‘ನೀ’ ಬಂದರೆ ಗಂಡಸಿನ ಗೌರವ, ‘ನಾ’ ಬಂದರೆ ಹೆಂಗಸಿನದು. ವುಲೊಮೊಗೆ ‘ನೂಮೊ’ ಎನ್ನುತ್ತಾರೆ.

ಗಾ ಮಾಷಿಯಲ್ಲಿ ಏಳು ಕೇರಿಗಳಿಗೆ ಏಳು ಮಾಂತ್ಸೆ ಯಾಕೆ?

ಏಕೆಂದರೆ ಊರು ಒಟ್ಟಿಗೆ ಹುಟ್ಟಲಿಲ್ಲ, ಬಂದವರು ಬಂದಂತೆ ಕೂಡಿಕೊಂಡಿತು. ಅಸೆರೆ, ಅಬೋಲಾ, ಗ್ಬೆಸೆ, ಒಟುಬ್ಲೊಹುಮ್ ಕೇರಿಗಳು ಡಚ್ಚರ ಕೋಟೆಯ ಸುತ್ತ. ಸೆಂಪೆ, ಅಕುಮಾಜೆ, ಅಲಾಟಾ ಇಂಗ್ಲಿಷರ ಜೇಮ್ಸ್ ಕೋಟೆಯ ಸುತ್ತ. ಡಚ್ಚರು 1649ರಲ್ಲಿ, ಇಂಗ್ಲಿಷರು 1673ರಲ್ಲಿ ಇಲ್ಲಿ ಕೋಟೆ ಕಟ್ಟಿದರು. ಎರಡಕ್ಕೂ ನಡುವೆ ಕೂಗಳತೆ ದೂರ. ಓಸುವಿನಲ್ಲಿ ಡೇನರು, ಅಂದರೆ ಡೆನ್ಮಾರ್ಕಿನವರು. ಮೂರು ಕಂಪನಿಗಳು, ಮೂರು ಬಾವುಟಗಳು, ಮಧ್ಯೆ ಗಾ ವ್ಯಾಪಾರಿಗಳು.

ಅಲಾಟಾ ಕೇರಿಯ ಹೆಸರನ್ನು ನೋಡಿ. ಇಂಗ್ಲಿಷರು ಕೋಟೆ ಕೆಲಸಕ್ಕೆ ಪೂರ್ವದ ಅಲ್ಲಾಡಾ ಕಡೆಯಿಂದ ತಂದ ಆಳುಗಳು ನೆಲೆಸಿದ ಜಾಗ ಅದು. ಆಳುಗಳಾಗಿ ಬಂದವರ ಕೇರಿ ಕಾಲಾಂತರದಲ್ಲಿ ಪೀಠ ಪಡೆದು, ತನ್ನದೇ ಮಾಂತ್ಸೆಯನ್ನು ಕೂರಿಸಿತು, ಪ್ರಬಲವೂ ಆಯಿತು. ಒಟುಬ್ಲೊಹುಮ್ ಅಕಾನ್ ಮೂಲದವರ ಕೇರಿ. 1836ರಲ್ಲಿ ಬ್ರೆಜಿಲ್‌ನಿಂದ ಬಿಡುಗಡೆಗೊಂಡ ಆಫ್ರಿಕನ್ನರ ಒಂದು ಗುಂಪು ಹಡಗಿನಲ್ಲಿ ಬಂದಿಳಿಯಿತು. ಅವರಿಗೆ ಬರುತ್ತಿದ್ದದ್ದು ಪೋರ್ಚುಗೀಸ್ ಮಾತ್ರ. ಏನು ಕೇಳಿದರೂ ‘ತಾ ಬೊಂ’, ಅಂದರೆ ‘ಆಯ್ತು, ಸರಿ’ ಎನ್ನುತ್ತಿದ್ದರಂತೆ. ಹೆಸರೇ ಟಾಬೊನ್ ಎಂದು ನಿಂತಿತು. ಅವರಿಗೆ ಜಾಗ ಸಿಕ್ಕಿತು, ಒಟುಬ್ಲೊಹುಮ್ ಕೇರಿಯ ಆಶ್ರಯದಲ್ಲಿ ತಮ್ಮದೇ ಮಾಂತ್ಸೆ ಸಿಕ್ಕ. ಇಂದಿಗೂ ಟಾಬೊನ್ ಮಾಂತ್ಸೆ ಇದ್ದಾನೆ.

ಗಾ ಏರ್ಪಾಡಿನಲ್ಲಿ ನನಗೆ ಬಹಳ ಹಿಡಿಸುವುದು ಇದು. ಹೊರಗಿನವರನ್ನು ಕರಗಿಸಿಕೊಳ್ಳಲು ಹೋಗಲಿಲ್ಲ. ಒಂದು ಕೇರಿ ಕೊಟ್ಟು, ಒಬ್ಬ ಅಪ್ಪನನ್ನು ಕೊಟ್ಟು, ಹಬ್ಬದ ಸಾಲಿನಲ್ಲಿ ಜಾಗ ಕೊಟ್ಟರು.

ಗಾ ಮಾಂತ್ಸೆ ಈ ಎಲ್ಲರ ಮೇಲಿನವನೇ?

ಈ ಪ್ರಶ್ನೆಗೆ ಯಾವ ಊರಿನಲ್ಲಿ ನಿಂತು ಕೇಳುತ್ತೀರಿ ಎನ್ನುವುದರ ಮೇಲೆ ಉತ್ತರ. ಗಾ ಮಾಂತ್ಸೆಯ ಪೀಠ ಅಬೋಲಾ ಕೇರಿಯದು. ಗಾ ಮಾಷಿಯ ಕೇರಿಗಳಿಗೆ ಅವನು ಹಿರಿಯ, ಗಾ ಸಾಂಪ್ರದಾಯಿಕ ಮಂಡಳಿಗೆ ಅಧ್ಯಕ್ಷ. ಆದರೆ ಓಸು, ಲಾ, ಟೇಶಿ, ನುಂಗುವಾ, ಟೆಮಾ ಊರುಗಳಿಗೆ ಅವವೇ ಮಾಂತ್ಸೆಗಳು, ಅವವೇ ಮಂಡಳಿಗಳು ಇವೆ. ಯುದ್ಧ ಬಂದಾಗ ಎಲ್ಲರೂ ಒಂದಾಗುತ್ತಿದ್ದರು. 1826ರಲ್ಲಿ ಕಟಮಾನ್ಸೊದಲ್ಲಿ ಗಾ ದಂಡುಗಳು ಬ್ರಿಟಿಷರು ಮತ್ತಿತರರ ಜೊತೆ ಸೇರಿ ಒಳನಾಡಿನ ಬಲಿಷ್ಠ ಅಶಾಂತಿ (ಅಸಾಂಟೆ) ರಾಜ್ಯದ ಸೈನ್ಯವನ್ನು ಸೋಲಿಸಿದವು. ಯುದ್ಧ ಮುಗಿದ ಮೇಲೆ ಅವರವರ ಊರು ಅವರವರಿಗೆ. ‘ಆಕ್ರಾದ ರಾಜ’ ಎಂಬ ಒಬ್ಬನೇ ವ್ಯಕ್ತಿ ಬೇಕಾಗಿದ್ದದ್ದು ಹೆಚ್ಚಾಗಿ ಯುರೋಪಿಯನ್ನರಿಗೆ: ಕರಾರು ಬರೆಯಲು ಒಂದು ಸಹಿ ಬೇಕಲ್ಲ.

ಗಾ ರಾಜ್ಯದ ಲಾಂಛನದಲ್ಲಿ ಆನೆಯ ಬೆನ್ನ ಮೇಲೆ ಒಂದು ಚಿಕ್ಕ ಹುಲ್ಲೆ ನಿಂತಿದೆ. ಗಾತ್ರದಿಂದಲ್ಲ, ಜಾಣತನದಿಂದ ಮೇಲೆ ನಿಲ್ಲಬೇಕು ಎಂದು ಹಿರಿಯರ ವಿವರಣೆ.

ಮಾಂತ್ಸೆಯನ್ನು ಆರಿಸುವುದು ಹೇಗೆ? ಮಗನಿಗೆ ಬರುತ್ತದೆಯೇ?

ತಂದೆಯ ಕಡೆಯ ಮನೆತನಕ್ಕೆ ಸೇರಿದವನಾಗಿರಬೇಕು, ಆದರೆ ಹಿರಿಯ ಮಗನಿಗೆ ತಾನಾಗಿಯೇ ಬರುವುದಿಲ್ಲ. ಗಾ ಪೀಠಕ್ಕೆ ನಾಲ್ಕು ಆಳುವ ಮನೆತನಗಳಿವೆ: ಟೇಯಿಕೊ ತ್ಸುರು, ಟ್ಯಾಕಿ ಕೋಮೆ, ಅಬೋಲಾ ಪಿಯಾಮ್, ಅಮುಗಿ. ಸರದಿ ಯಾವ ಮನೆಯದೋ ಆ ಮನೆಯವರು ಹೆಸರು ಸೂಚಿಸಬೇಕು, ಜಾಸೆಯ, ಅಂದರೆ ಮಾಂತ್ಸೆಯ ಮನೆವಾರ್ತೆಯ ಹಿರಿಯರು ಒಪ್ಪಬೇಕು. ಒಪ್ಪಿದವನನ್ನು ಕೆಲವು ದಿನ ಹೊರಗೆ ಬಿಡದೆ ಒಳಗೆ ಕೂರಿಸಿ ರೀತಿ ರಿವಾಜು, ಮನೆತನದ ಇತಿಹಾಸ, ದೈವಗಳ ಮರ್ಯಾದೆ ಕಲಿಸುತ್ತಾರೆ. ಆಮೇಲೆ ಪೀಠಕ್ಕೆ ಮುಟ್ಟಿಸಿ, ಜನರ ಮುಂದೆ ತಂದು, ಪ್ರಮಾಣ ಮಾಡಿಸುತ್ತಾರೆ. ಕೊನೆಗೆ ಸರ್ಕಾರಿ ದಾಖಲೆಯಲ್ಲಿ ಹೆಸರು ಏರಬೇಕು.

ಕಾಗದದ ಮೇಲೆ ಚೆಂದ. ನಡೆಯುವುದು ಬೇರೆ. ಸರದಿ ಯಾರದು, ಜಾಸೆತ್ಸೆ ಯಾರು, ಈ ಮನೆಯ ನಿಜವಾದ ಹಿರಿಯ ಯಾರು, ಈ ಮೂರರಲ್ಲಿ ಒಂದರ ಮೇಲೆ ತಕರಾರು ಎದ್ದರೂ ಒಂದೇ ಪೀಠಕ್ಕೆ ಇಬ್ಬರು ಮೂವರು ಮಾಂತ್ಸೆಗಳಾಗುತ್ತಾರೆ. ನೀ ಅಮುಗಿ 2 ಅವರು 1965ರಿಂದ 2004ರವರೆಗೆ ಗಾ ಮಾಂತ್ಸೆಯಾಗಿದ್ದರು. ಅವರ ನಂತರ 2006ರಲ್ಲಿ ಬಂದ ಕಿಂಗ್ ಟ್ಯಾಕಿ ಟಾವಿಯಾ 3 ಅವರು 2012ರಲ್ಲಿ ತೀರಿಕೊಂಡರು. ಆ ಮೇಲಿನ ವರ್ಷಗಳಲ್ಲಿ ಪೀಠಕ್ಕೆ ಹಕ್ಕು ಹೇಳಿದವರು, ಕೋರ್ಟು ಹತ್ತಿದವರು ಹಲವರು. ಈಗ ಆ ಪೀಠದಲ್ಲಿರುವವರು ಕಿಂಗ್ ಟ್ಯಾಕಿ ಟೇಯಿಕೊ ತ್ಸುರು 2.

ಕೆಟ್ಟ ಮಾಂತ್ಸೆಯನ್ನು ಇಳಿಸಬಹುದೇ?

ಇಳಿಸಬಹುದು, ಇಳಿಸಿದ್ದಾರೆ. ಕೂರಿಸಿದವರಿಗೇ ಎಬ್ಬಿಸುವ ಹಕ್ಕು. 1924ರಲ್ಲಿ ಬ್ರಿಟಿಷರು ಹೊಸ ಪುರಸಭಾ ಕಾಯಿದೆ ತಂದರು. ಮನೆ ತೆರಿಗೆ ಹೆಚ್ಚುತ್ತದೆ ಎಂದು ಜನ ಕೆರಳಿದರು. ಆಗಿನ ಗಾ ಮಾಂತ್ಸೆ ಟ್ಯಾಕಿ ಯಾಒಬೊಯಿ ಆ ಕಾಯಿದೆಯ ಪರ ಎಂದು ಆಸಾಫೊ ದಂಡುಗಳು ಅವರನ್ನು ಪೀಠದಿಂದ ಇಳಿಸಲು ಹೊರಟವು. ಗವರ್ನರ್ ಬೆಂಬಲವಿದ್ದರೂ ಕೇರಿಯ ಬೆಂಬಲ ಇಲ್ಲದವನ ಪಾಡು ಏನಾಗುತ್ತದೆ ಎಂಬುದಕ್ಕೆ ಅದು ಉದಾಹರಣೆ.

ಈಗ ದಾರಿ ಕಾನೂನಿನದು. ತಕರಾರು ಮೊದಲು ಸಾಂಪ್ರದಾಯಿಕ ಮಂಡಳಿ ಅಥವಾ ಡೊಡೊವಾದಲ್ಲಿರುವ ಪ್ರಾಂತೀಯ ಮುಖಂಡರ ಸಭೆಯ ನ್ಯಾಯ ಸಮಿತಿಗೆ, ಮೇಲ್ಮನವಿ ರಾಷ್ಟ್ರೀಯ ಮುಖಂಡರ ಸಭೆಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ. ಕೇಸು ವರ್ಷಗಟ್ಟಲೆ ಎಳೆಯುತ್ತದೆ. ಅಷ್ಟರಲ್ಲಿ ಎರಡೂ ಬಣದವರು ಭೂಮಿ ಮಾರುತ್ತಿರುತ್ತಾರೆ, ಅದು ಬೇರೆ ಕಥೆ, ಕೆಳಗೆ ಬರುತ್ತದೆ.

ಮುಖಂಡರನ್ನು ಎದುರಿಗೇ ಬೈಯಬಹುದಂತೆ, ಹೌದೇ?

ವರ್ಷಕ್ಕೊಮ್ಮೆ, ಹಾಡಿನಲ್ಲಿ. ಹಬ್ಬದ ಸಮಯದಲ್ಲಿ ಟೇಶಿಯಲ್ಲಿ ಕ್ಪಾಶಿಮೊ ಎಂಬ ಹಾಡು ಕುಣಿತದ ಮೆರವಣಿಗೆ ಹೊರಡುತ್ತದೆ. ಯಾರು ಯಾರ ಜಾಗ ನುಂಗಿದರು, ಯಾವ ದೊಡ್ಡ ಮನುಷ್ಯ ಏನು ಮಾಡಿಕೊಂಡ ಎಂದು ಬೀದಿಯಲ್ಲಿ ಕಟ್ಟಿ ಹಾಡುತ್ತಾರೆ. ಕೇಳಿಸಿಕೊಳ್ಳಬೇಕು, ಸಿಟ್ಟಾಗುವಂತಿಲ್ಲ.

ಹೆಂಗಸರಿಗೆ ಎಲ್ಲಿ ಜಾಗ?

ಹದಿನೇಳನೇ ಶತಮಾನದಲ್ಲಿ ಡೊಡೆ ಅಕಾಬಿ ಎಂಬ ಹೆಂಗಸು ಗಾ ಜನರನ್ನು ಆಳಿದಳು. ಕಥೆಗಳಲ್ಲಿ ಅವಳು ಬಹಳ ಕ್ರೂರಿ. ಬಾವಿ ತೋಡಿಸುವಾಗ ಜನ ಅವಳನ್ನೇ ಅದರಲ್ಲಿ ಹೂತರು ಎನ್ನುತ್ತವೆ. ಕಥೆ ಹೇಳಿಕೊಂಡು ಬಂದವರು ಗಂಡಸರು ಎನ್ನುವುದನ್ನು ನೆನಪಿಟ್ಟುಕೊಂಡು ಕೇಳಬೇಕಾದ ಕಥೆ. ಈಗ ‘ಮಾಂಯೆ’ ಎಂಬ ಪದವಿ ಇದೆ, ಊರ ತಾಯಿ. ಇದೂ ಅಕಾನ್ ಮಾದರಿ ನೋಡಿ ಬಂದದ್ದು, ಗಾ ಊರುಗಳಲ್ಲಿ ಅಷ್ಟು ಹಳೆಯದಲ್ಲ. ಘಾನಾದ ಕಾನೂನು ರಾಣಿತಾಯಂದಿರನ್ನೂ ಮುಖಂಡರೆಂದೇ ಎಣಿಸುತ್ತದೆ. ಹಳೆಯ ಅಧಿಕಾರ ಮಾತ್ರ ಎರಡು ಕಡೆ: ವೊಯೊ ನುಡಿಯಲ್ಲಿ, ಮೀನಿನ ವ್ಯಾಪಾರದಲ್ಲಿ. ಗಂಡಸು ಹಿಡಿದ ಮೀನನ್ನು ಕೊಳ್ಳುವವಳು, ಹೊಗೆಯಲ್ಲಿ ಒಣಗಿಸುವವಳು, ಮಾರುವವಳು, ಎಷ್ಟೋ ಸಲ ದೋಣಿಗೆ ಸಾಲ ಕೊಡುವವಳು ಹೆಂಗಸು. ದರ ಅವಳು ಹೇಳಿದ್ದು.

ಮೀನುಗಾರರ ಅಪ್ಪನ ಕೆಲಸ ಏನು?

ವೊಲೆಯಾತ್ಸೆಯ ಸೀಮೆ ದಡದಿಂದ ಆಚೆ. ದೋಣಿಗಳ ನಡುವಿನ ವ್ಯಾಜ್ಯ, ಬಲೆ ಹರಿದದ್ದಕ್ಕೆ ಪರಿಹಾರ, ಹೊರಗಿನ ದೋಣಿ ಬಂದು ದಡ ಹತ್ತಿದರೆ ಒಪ್ಪಿಗೆ, ಮುಳುಗಿದವನ ಹುಡುಕಾಟ ಎಲ್ಲ ಅವನ ಮುಂದೆ ಬರುತ್ತದೆ. ಮಂಗಳವಾರ ಕಡಲಿಗೆ ಇಳಿಯಬಾರದು ಎನ್ನುವ ಕಟ್ಟಳೆ ಅವನು ಕಾಯಬೇಕಾದದ್ದು. ಮುರಿದರೆ ದಂಡ. ಆ ದಿನ ಕಡಲ ದೈವದ ವಿಶ್ರಾಂತಿ ಎಂಬುದು ನಂಬಿಕೆ. ಬಲೆ ಹೊಲಿಯುವುದು, ದೋಣಿ ದುರಸ್ತಿ, ಲೆಕ್ಕ ಚುಕ್ತಾ, ಪಂಚಾಯ್ತಿ ಎಲ್ಲವೂ ಮಂಗಳವಾರವೇ ನಡೆಯುತ್ತದೆ.

ಜುಲೈಯಿಂದ ಸೆಪ್ಟೆಂಬರ್‌ವರೆಗೆ ಕಡಲಡಿಯ ತಣ್ಣೀರು ಮೇಲೆ ಬಂದು ಬೂತಾಯಿ ಜಾತಿಯ ಮೀನು ರಾಶಿ ರಾಶಿ ಸಿಗುತ್ತದೆ. ದೊಡ್ಡ ಹಬ್ಬ ಹೋಮೊವೊ ಇದೇ ಹೊತ್ತಿಗೆ ಬರುವುದು ಕಾಕತಾಳೀಯವಲ್ಲ. ಮೀನು ಕಡಿಮೆಯಾಗುತ್ತಿದೆ ಎಂದು 2019ರಲ್ಲಿ ಸರ್ಕಾರ ಸಾಂಪ್ರದಾಯಿಕ ದೋಣಿಗಳಿಗೂ ಮೇ 15ರಿಂದ ಜೂನ್ 15ರವರೆಗೆ ಕಡಲು ಮುಚ್ಚಿತು. ಹೊತ್ತಿನ ಬಗ್ಗೆ ದಡದಲ್ಲಿ ಗೊಣಗಾಟವಿತ್ತು. ಕಡಲಿಗೆ ಬಿಡುವು ಬೇಕು ಎನ್ನುವುದು ಮಾತ್ರ ಇಲ್ಲಿ ಯಾರಿಗೂ ಹೊಸ ಪಾಠವಲ್ಲ.

ಒಂದು ತಿಂಗಳು ಡೋಲು ನಿಲ್ಲಿಸುವುದು ಯಾಕೆ? ನಮಗೂ ಅನ್ವಯಿಸುತ್ತದೆಯೇ?

ಅನ್ವಯಿಸುತ್ತದೆ. ಮೊದಲು ಕಾರಣ ಕೇಳಿ. ವುಲೊಮೊಗಳು ದೈವದ ಹೊಲದಲ್ಲಿ ‘ನ್‌ಮಾ’ ಎಂಬ ಹಳೆಯ ಧಾನ್ಯ ಬಿತ್ತುತ್ತಾರೆ. ಬೀಜ ಮೊಳೆಯುವವರೆಗೆ ಗದ್ದಲ ಬೇಡ. ದೈವಗಳೂ ಹಿರಿಯರೂ ಮೌನದಲ್ಲಿ ಊರನ್ನು ಕಾಯುತ್ತಾರೆ. ಸುಮಾರು 30 ದಿನ ಡೋಲು, ಧ್ವನಿವರ್ಧಕ, ಅಬ್ಬರದ ಶವಸಂಸ್ಕಾರ ಇಲ್ಲ. ದಿನಾಂಕ ಊರಿಂದೂರಿಗೆ ಬೇರೆ. ಗಾ ಮಾಷಿಯಲ್ಲಿ ಸಾಮಾನ್ಯವಾಗಿ ಮೇ, ಜೂನ್.

1998ರ ಆಸುಪಾಸಿನಲ್ಲಿ ಇದು ದೊಡ್ಡ ಗಲಾಟೆಯಾಯಿತು. ಅಬ್ಬರದ ಸಂಗೀತದ ಹೊಸ ಚರ್ಚುಗಳು ನಿಲ್ಲಿಸುವುದಿಲ್ಲ ಎಂದವು, ಗಾ ಯುವಕರು ನುಗ್ಗಿ ವಾದ್ಯಗಳನ್ನು ಹೊತ್ತೊಯ್ದರು. ಒಂದು ಕಡೆ ಪೂಜಾ ಸ್ವಾತಂತ್ರ್ಯ, ಇನ್ನೊಂದು ಕಡೆ ನೆಲದ ಕಟ್ಟಳೆ. ಎರಡಕ್ಕೂ ಸಂವಿಧಾನದಲ್ಲಿ ಜಾಗವಿದೆ. ಆಮೇಲೆ ಸರ್ಕಾರ, ಚರ್ಚು, ಗಾ ಮಂಡಳಿ ಕೂತು ಒಂದು ನಡುದಾರಿ ಹಿಡಿದರು: ಪ್ರಾರ್ಥನೆ ಒಳಗೆ ಮಾಡಿ, ಸದ್ದು ಹೊರಗೆ ಬರದಿರಲಿ. ನಗರಸಭೆ ಪ್ರತಿ ವರ್ಷ ಪ್ರಕಟಣೆ ಹೊರಡಿಸುತ್ತದೆ. ಹಾಗಾಗಿ ಆಕ್ರಾದ ಕನ್ನಡಿಗರು ಮೇ ತಿಂಗಳಲ್ಲಿ ಮೈಕ್ ಹಾಕಿ ಗೃಹಪ್ರವೇಶವನ್ನೋ ಮದುವೆಯನ್ನೋ ಇಟ್ಟುಕೊಳ್ಳುವ ಮುನ್ನ ಆ ಪ್ರಕಟಣೆ ನೋಡಿಕೊಳ್ಳುವುದು ಲೇಸು.

ನಿಷೇಧ ತೆಗೆದ ಮೇಲೆ ಹೋಮೊವೊ ಹಬ್ಬ. ‘ಹೋಮೊ’ ಎಂದರೆ ಹಸಿವು, ‘ವೊ’ ಎಂದರೆ ಹೀಯಾಳಿಸುವುದು. ಹಸಿವನ್ನು ಅಣಕಿಸುವ ಹಬ್ಬ. ಗುರುವಾರ, ಹಳ್ಳಿಗಳಿಗೆ ಹೋದವರೆಲ್ಲ ಮೂಲ ಮನೆಗೆ ಮರಳುತ್ತಾರೆ. ಶುಕ್ರವಾರ ಅವಳಿಗಳ ದಿನ. ಶನಿವಾರ ಮೆಕ್ಕೆಜೋಳದ ಹಿಟ್ಟನ್ನು ಹುಳಿಬರಿಸಿ ಹಬೆಯಲ್ಲಿ ಬೇಯಿಸಿದ ಕ್ಪೊಕ್ಪೊಯಿ, ಜೊತೆಗೆ ತಾಳೆಹಣ್ಣಿನ ಸಾರು. ಮಾಂತ್ಸೆ ಅದನ್ನು ಬೀದಿಯುದ್ದಕ್ಕೂ ಚೆಲ್ಲುತ್ತಾ ಹೋಗುತ್ತಾನೆ, ಹಿರಿಯರ ಆತ್ಮಗಳಿಗೆ ಎಡೆ. ಮನೆಯಲ್ಲಿ ಅಜ್ಜನಿಂದ ಮೊಮ್ಮಗನವರೆಗೆ ಒಂದೇ ಬಟ್ಟಲಿಗೆ ಕೈ ಹಾಕುತ್ತಾರೆ. ಭಾನುವಾರ ಬೆಳಿಗ್ಗೆ ಮನೆಮನೆಗೆ ಹೋಗಿ ‘ನೂ ವಾಲಾ’, ಆಯುಷ್ಯ ತಗೋ ಎಂದು ಹರಸಿ, ವರ್ಷದ ಮುನಿಸು ಮುಗಿಸುತ್ತಾರೆ. ಕೋರ್ಟಿಗೆ ಹೋಗಬೇಕಿದ್ದ ಎಷ್ಟು ವ್ಯಾಜ್ಯ ಆ ಒಂದು ಬೆಳಿಗ್ಗೆ ಮುಗಿಯುತ್ತವೋ.

ಬ್ರಿಟಿಷರ ಕಾಲದಲ್ಲಿ ಮಾಂತ್ಸೆಗಳು ಯಾರ ಕಡೆ ಇದ್ದರು?

ಎರಡೂ ಕಡೆ, ಹಲವು ಸಲ ಒಬ್ಬನೇ ಎರಡೂ ಕಡೆ. 1854ರಲ್ಲಿ ತಲೆ ತೆರಿಗೆ ವಿರುದ್ಧ ಓಸು, ಲಾ, ಟೇಶಿ ಎದ್ದಾಗ ಬ್ರಿಟಿಷರು ಊರುಗಳ ಮೇಲೆ ಫಿರಂಗಿ ಹಾರಿಸಿದರು. 1880ರಲ್ಲಿ ಗಾ ಮಾಂತ್ಸೆ ಟ್ಯಾಕಿ ಟಾವಿಯಾ ಅವರನ್ನು ಎಲ್ಮಿನಾಗೆ ಗಡೀಪಾರು ಮಾಡಿದರು. ಅದೇ ಬ್ರಿಟಿಷರು ಮುಂದೆ ಮಾಂತ್ಸೆಗಳಿಗೆ ನ್ಯಾಯಸ್ಥಾನ ಕೊಟ್ಟು ತಮ್ಮ ಆಡಳಿತದ ಕೈಯಾಗಿಸಿಕೊಂಡರು. ಯುದ್ಧಕ್ಕೆಂದು ಹುಟ್ಟಿದ ಪದವಿ ಆಡಳಿತದ ಪದವಿಯಾಗಿದ್ದು ಹೀಗೆ. ವುಲೊಮೊ ಹಿಂದೆ ಸರಿದದ್ದೂ ಹೀಗೆ.

1948ರ ಪ್ರಸಂಗ ಹೇಳಲೇಬೇಕು. ಓಸು ಅಲಾಟಾ ಮಾಂತ್ಸೆ ನೀ ಕ್ವಾಬೆನಾ ಬೊನ್ನೆ ಆಮದು ಬಟ್ಟೆ, ಡಬ್ಬಿ ಆಹಾರದ ದುಬಾರಿ ಬೆಲೆ ವಿರೋಧಿಸಿ ವಿದೇಶಿ ಅಂಗಡಿಗಳಿಗೆ ಬಹಿಷ್ಕಾರ ಕರೆದರು. ಜನವರಿ 26ರಂದು ಶುರುವಾಯಿತು. ಇದರ ಬೆನ್ನಿಗೆ ರಾಜಕೀಯ ಪಕ್ಷ ಇರಲಿಲ್ಲ. ಮಾಂತ್ಸೆಗಳ ಮೂಲಕ ಊರಿಂದೂರಿಗೆ ಸುದ್ದಿ ಹೋಯಿತು, ತಿಂಗಳು ಕಾಲ ಅಂಗಡಿಗಳು ಖಾಲಿ. ಬಹಿಷ್ಕಾರ ಮುಗಿದ ಫೆಬ್ರವರಿ 28ರಂದೇ, ಪಿಂಚಣಿ ಕೇಳುತ್ತ ಗವರ್ನರ್ ಇದ್ದ ಓಸು ಕೋಟೆಯತ್ತ ನಡೆದ ಮಾಜಿ ಸೈನಿಕರ ಮೇಲೆ ಗುಂಡು ಹಾರಿತು, ಮೂವರು ಸತ್ತರು. ಬರ್ಮಾ ಯುದ್ಧಭೂಮಿಯಲ್ಲಿ ಬ್ರಿಟಿಷರಿಗಾಗಿ ಹೋರಾಡಿದ ಸಮೂಹದವರು ಅವರು. ಆಕ್ರಾ ಹತ್ತಿ ಉರಿಯಿತು. 9 ವರ್ಷಗಳಲ್ಲಿ ಘಾನಾ ಸ್ವತಂತ್ರವಾಯಿತು.

ಎಲ್ಲ ಜಗಳ ಭೂಮಿಗೇ ಬಂದು ನಿಲ್ಲುವುದು ಯಾಕೆ?

1877ರಲ್ಲಿ ಬ್ರಿಟಿಷರು ರಾಜಧಾನಿಯನ್ನು ಕೇಪ್ ಕೋಸ್ಟ್‌ನಿಂದ ಆಕ್ರಾಕ್ಕೆ ತಂದರು. ಅವತ್ತಿನಿಂದ ಗಾ ಬಯಲು ಎಲ್ಲರಿಗೂ ಬೇಕಾಯಿತು. ಕಚೇರಿ, ರೈಲು, ವಿಮಾನ ನಿಲ್ದಾಣ, ಅಧಿಕಾರಿಗಳ ಬಂಗಲೆ ಎಲ್ಲಕ್ಕೂ ಗಾ ನೆಲ. ಎಲ್ಲಕ್ಕಿಂತ ದೊಡ್ಡ ತುಂಡು ಟೆಮಾದಲ್ಲಿ ಹೋಯಿತು: ಹೊಸ ಬಂದರು, ಹೊಸ ನಗರಕ್ಕೆಂದು 1952ರಲ್ಲಿ ಸುಮಾರು 64 ಚದರ ಮೈಲಿ ಸ್ವಾಧೀನವಾಯಿತು. ಹಳೆಯ ಟೆಮಾ ಊರನ್ನೇ ಎಬ್ಬಿಸಿ 1959ರಲ್ಲಿ ಟೆಮಾ ಮಾನ್ಹಿಯಾನ್, ಅಂದರೆ ಹೊಸ ಊರಿಗೆ ಸಾಗಿಸಿದರು. ಮನೆಗೆ ಬದಲು ಮನೆ ಕೊಡಬಹುದು. ಗುಡಿ, ದೈವದ ಬನ, ಸತ್ತವರ ಜಾಗಕ್ಕೆ ಬದಲು ಏನು ಕೊಡುವುದು? ಊರವರು ವರ್ಷಗಟ್ಟಲೆ ಒಪ್ಪದೆ ಕೂತದ್ದು ಅದಕ್ಕೇ.

1957ರಲ್ಲಿ, ಸ್ವಾತಂತ್ರ್ಯ ಬಂದ ಕೆಲವೇ ತಿಂಗಳಲ್ಲಿ ಆಕ್ರಾದ ಬೀದಿಯಲ್ಲಿ ‘ಗಾ ಶಿಫಿಮೊ ಕ್ಪೆ’ ಎಂಬ ಸಂಘಟನೆ ಎದ್ದಿತು. ಗಾ ನೆಲ ಗಾ ಜನರದು ಎನ್ನುವುದು ಅದರ ಕೂಗು. ಪ್ರಧಾನಿ ಎನ್‌ಕ್ರುಮಾ ಅವರ ಸರ್ಕಾರ ಅದೇ ವರ್ಷ ಜನಾಂಗ, ಪ್ರದೇಶ, ಧರ್ಮದ ಹೆಸರಿನ ಪಕ್ಷಗಳನ್ನು ನಿಷೇಧಿಸುವ ಕಾನೂನು ತಂದಿತು. ಕೂಗು ನಿಂತಿತು, ಕಾರಣ ನಿಲ್ಲಲಿಲ್ಲ. 1992ರ ಸಂವಿಧಾನ ಒಂದು ಮಾತು ಹೇಳಿದೆ: ಸಾರ್ವಜನಿಕ ಉದ್ದೇಶಕ್ಕೆ ತೆಗೆದುಕೊಂಡ ಜಾಗವನ್ನು ಆ ಉದ್ದೇಶಕ್ಕೆ ಬಳಸದಿದ್ದರೆ ಹಳೆಯ ಒಡೆಯನಿಗೆ ಮೊದಲ ಅವಕಾಶ. ಗಾ ಊರುಗಳ ಅನೇಕ ಬೇಡಿಕೆಗಳು ಈ ಸಾಲನ್ನು ಹಿಡಿದುಕೊಂಡು ನಿಂತಿವೆ.

ಹಣದ ಲೆಕ್ಕವೂ ಸಂವಿಧಾನದಲ್ಲೇ ಇದೆ. ಪೀಠದ ಭೂಮಿಯ ಆದಾಯದಲ್ಲಿ 10 ಪ್ರತಿಶತ ಅದರ ಆಡಳಿತ ಕಚೇರಿಗೆ. ಉಳಿದದ್ದರಲ್ಲಿ 25 ಪಾಲು ಪೀಠಕ್ಕೆ, 20 ಸಾಂಪ್ರದಾಯಿಕ ಮಂಡಳಿಗೆ, 55 ಜಿಲ್ಲಾ ಸಭೆಗೆ. ತಮಾಷೆ ಎಂದರೆ ಗಾ ನಾಡಿನಲ್ಲಿ ಬಹಳಷ್ಟು ಭೂಮಿ ಪೀಠದ್ದಲ್ಲ, ಮನೆತನದ್ದು. ಮನೆತನದ ಭೂಮಿಗೆ ಈ ಹಂಚಿಕೆ ಅನ್ವಯಿಸುವುದಿಲ್ಲ. ದಂಡಿನ ನಾಯಕನ ಹತೋಟಿಯ ಭೂಮಿ ಮಾತ್ರ ಪೀಠದ ಭೂಮಿಯ ವ್ಯಾಖ್ಯೆಯಲ್ಲೇ ಸೇರಿದೆ. ಹೀಗಾಗಿ ಒಂದೇ ಎಕರೆಗೆ ಮಾಂತ್ಸೆ, ಮನೆತನದ ಹಿರಿಯ, ವುಲೊಮೊ, ದಂಡು ನಾಲ್ವರೂ ‘ನಮ್ಮದು’ ಎನ್ನಬಹುದು. ನಾಲ್ವರ ಮಾತಿನಲ್ಲೂ ಸ್ವಲ್ಪ ಸತ್ಯ ಇರಬಹುದು. ಅಪ್ಪಂದಿರು ಹಲವರಿರುವುದು ಯುದ್ಧ ಕಾಲದಲ್ಲಿ, ಹಬ್ಬದಲ್ಲಿ ಚೆಂದ. ಸೈಟಿಗೆ ಬೆಲೆ ಬಂದಾಗ ಅದೇ ಮುಳ್ಳು.

ಹಾಗಾದರೆ ನಾವು ಆಕ್ರಾದಲ್ಲಿ ಜಾಗ ಕೊಳ್ಳಬಹುದೇ?

ಕೊಳ್ಳಲಾಗದು, ಗುತ್ತಿಗೆ ಪಡೆಯಬಹುದು. ವಿದೇಶಿಯರಿಗೆ ಒಂದು ಸಲಕ್ಕೆ 50 ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆ ಇಲ್ಲ, ಪೂರ್ಣ ಒಡೆತನವಂತೂ ಇಲ್ಲವೇ ಇಲ್ಲ. ಭೂ ಆಯೋಗದಲ್ಲಿ ದಾಖಲೆ ಹುಡುಕಿಸಿ, ಕೋರ್ಟಿನಲ್ಲಿ ಕೇಸಿದೆಯೇ ನೋಡಿ, ಮನೆತನದ ಹಿರಿಯನ ಜೊತೆ ಉಳಿದ ಮುಖ್ಯಸ್ಥರ ಸಹಿಯೂ ಇದೆಯೇ ನೋಡಿ. ‘ಮಾಂತ್ಸೆಯೇ ಕೊಟ್ಟಿದ್ದಾರೆ’ ಎಂಬ ಒಂದೇ ಮಾತಿಗೆ ದುಡ್ಡು ಎಣಿಸಬೇಡಿ. ತಕರಾರಿನ ಜಾಗಕ್ಕೆ ಗೂಂಡಾಗಳನ್ನು ಕಾವಲಿಡುವ ‘ಲ್ಯಾಂಡ್‌ಗಾರ್ಡ್’ ಪದ್ಧತಿಯನ್ನು 2020ರ ಭೂ ಕಾಯಿದೆ ಅಪರಾಧ ಎಂದಿದೆ. ಗೋಡೆಯ ಮೇಲಿನ ಕೆಂಪು ಬರಹವನ್ನು ಆದರೂ ನಂಬಿ.

ಮಾಂತ್ಸೆ ಚುನಾವಣೆಗೆ ನಿಲ್ಲಬಹುದೇ?

ನಿಲ್ಲುವಂತಿಲ್ಲ. ಸಕ್ರಿಯ ಪಕ್ಷ ರಾಜಕಾರಣ ಮಾಡಬೇಕಾದರೆ ಪೀಠ ಬಿಡಬೇಕು. ಬದಲಿಗೆ ಮಾಂತ್ಸೆಯನ್ನು ಮಾನ್ಯ ಮಾಡುವ ಅಥವಾ ಮಾನ್ಯತೆ ಕಿತ್ತುಕೊಳ್ಳುವ ಅಧಿಕಾರವನ್ನು ಯಾರಿಗೂ ಕೊಡುವ ಕಾನೂನು ಸಂಸತ್ತು ಮಾಡುವಂತಿಲ್ಲ. ಹಿಂದಿನ ಸರ್ಕಾರಗಳು ಬೇಡದ ಮುಖಂಡನ ಹೆಸರು ಅಳಿಸುತ್ತಿದ್ದ ಅನುಭವದಿಂದ ಬಂದ ತಡೆ ಇದು. ಜಿಲ್ಲಾ ಸಭೆಗಳಿಗೆ ಅಧ್ಯಕ್ಷರು ನೇಮಿಸುವ 30 ಪ್ರತಿಶತ ಸದಸ್ಯರ ವಿಷಯದಲ್ಲಿ ಮುಖಂಡರ ಅಭಿಪ್ರಾಯ ಕೇಳಬೇಕು. ತೆರಿಗೆ ಹಾಕುವ, ಪೊಲೀಸರನ್ನು ಕಳಿಸುವ ಅಧಿಕಾರ ಮುಖಂಡರಿಗಿಲ್ಲ.

ಟೇಶಿಯ ಮೀನಿನಾಕಾರದ ಶವಪೆಟ್ಟಿಗೆಗೂ ಮಾಂತ್ಸೆಗೂ ಏನಾದರೂ ನಂಟು?

ಇದೆ. ಗಾ ಮಾಂತ್ಸೆಗಳನ್ನು ಹಬ್ಬದಲ್ಲಿ ಹೊತ್ತು ತಿರುಗಿಸುವ ಪಲ್ಲಕ್ಕಿಗಳನ್ನು ಮನೆತನದ ಗುರುತಿನ ಪ್ರಾಣಿಯ ಆಕಾರದಲ್ಲಿ ಕೆತ್ತುತ್ತಿದ್ದರು. ಆ ಬಡಗಿಗಳ ಕೈಯಿಂದಲೇ ಮೀನು, ದೋಣಿ, ವಿಮಾನ, ಮೆಣಸಿನಕಾಯಿ ಆಕಾರದ ಶವಪೆಟ್ಟಿಗೆಗಳು ಬಂದವು. ಪಲ್ಲಕ್ಕಿ ಮುಖಂಡನಿಗೆ ಮಾತ್ರ. ಪೆಟ್ಟಿಗೆ ದುಡ್ಡಿದ್ದ ಯಾರಿಗಾದರೂ.

ಮಾಂತ್ಸೆಯನ್ನು ನೋಡಲು ಹೋಗಬೇಕಾಗಿದೆ. ಏನು ಮಾಡಬೇಕು?

ಬರಿಗೈಯಲ್ಲಿ ಹೋಗಬೇಡಿ. ಶ್ನಾಪ್ಸ್ ಎನ್ನುವ ಜಿನ್ ಬಾಟಲಿ ರೂಢಿಯ ಕಾಣಿಕೆ. ನೀವು ಕುಡಿಯುವುದಿಲ್ಲ ಎನ್ನುವುದು ಇಲ್ಲಿ ಪ್ರಶ್ನೆಯಲ್ಲ, ಅದು ನೆಲಕ್ಕೆ ಸುರಿದು ಹಿರಿಯರನ್ನು ಕರೆಯಲು. ಎಡಗೈಯಲ್ಲಿ ಏನೂ ಕೊಡಬೇಡಿ, ತೆಗೆದುಕೊಳ್ಳಬೇಡಿ. ಕಾಲ ಮೇಲೆ ಕಾಲು ಹಾಕಿ ಕೂರಬೇಡಿ. ನೇರವಾಗಿ ಮಾಂತ್ಸೆಗೆ ಮಾತಾಡದೆ ಒತ್ಸಿಯಾಮೆಗೆ ಹೇಳಿ. ಮಾಂತ್ಸೆಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ನಿಮ್ಮ ಪಕ್ಕದಲ್ಲೇ ಕೂತಿದ್ದಾರೆ ಎಂದರೂ ಅಷ್ಟೇ. ಬಂದ ಕಾರಣ ಮೊದಲು ಅವರೇ ಕೇಳುತ್ತಾರೆ, ಅಲ್ಲಿಯವರೆಗೆ ಕಾಯಿರಿ.

ಹಿರಿಯರೊಬ್ಬರು ಬಾಟಲಿ ಬಿಚ್ಚಿ ಹನಿಹನಿಯಾಗಿ ಸುರಿಯುತ್ತ ‘ತ್ಸ್ವಾ, ತ್ಸ್ವಾ, ತ್ಸ್ವಾ, ಒಮಾನ್ಯೆ ಆಬಾ’, ಒಳ್ಳೆಯದು ಬರಲಿ ಎನ್ನುತ್ತಾರೆ. ಸುತ್ತ ಕೂತವರೆಲ್ಲ ಒಟ್ಟಿಗೆ ‘ಹಿಯಾವ್’ ಎನ್ನುತ್ತಾರೆ. ನೀವೂ ಅನ್ನಿ.